ಏಳನೆಯ ಮುಳುಗು

ಆಗಸ್ಟ್ ಹದಿನೈದು ಈ ಸಲ ಭಾನುವಾರಕ್ಕೇ ಬಿತ್ತು.
ಬಾವುಟ ಏರಿಸಿ, ಬೂಂದಿ ಹಂಚಿ,
ಜಿಡ್ಡುಗೈಯ ಮಕ್ಕಳನ್ನು ದೇವಾಲಯದ ಹಿಂದಿನ ಕೋಣೆಗೆ ಸೇರಿಸಿದೆ.
ಸಭಾಪಾಲಕರು ಹೇಳಿದ್ದರು:
"ದೇಶಕ್ಕೆ ಹೊಂದೋ ಹಾಗೆ ಏನಾದರೂ ಹೇಳಿ, ಸುನೀತಿ ಮಿಸ್.
ವಿಶ್ವಾಸ, ವಿಧೇಯತೆ... ಅರ್ಧ ಗಂಟೆ ಸಾಕು."

ನನಗೆ ಬಾಯಿಗೆ ಬಂದದ್ದು ನಾಮಾನನ ಕಥೆ.
ಅರಾಮಿನ ದಂಡನಾಯಕ. ಎದೆಯ ಮೇಲೆ ಪದಕ,
ಪದಕದ ಕೆಳಗೆ ಅಂಗಿ, ಅಂಗಿಯ ಕೆಳಗೆ ಕುಷ್ಠ.
ಇಂಥ ಕಡೆ ಒಬ್ಬ ಪ್ರವಾದಿ ಇದ್ದಾನೆ ಎಂದವಳು
ಲೂಟಿಯಲ್ಲಿ ಹಿಡಿದು ತಂದ ಪುಟ್ಟ ಹುಡುಗಿ,
ಅವನ ಹೆಂಡತಿಯ ಕೆಲಸದವಳು.
(ಇದನ್ನು ಒಂದೇ ಉಸಿರಿಗೆ ಹೇಳಿ ದಾಟಿಬಿಟ್ಟೆ.)

ರಥ, ಕುದುರೆ, ಬೆಳ್ಳಿಯ ಮೂಟೆ
ಎಲೀಷನ ಬಾಗಿಲಲ್ಲಿ ನಿಂತರೆ
ಪ್ರವಾದಿ ಎದ್ದೂ ಬರಲಿಲ್ಲ.
ಆಳಿನ ಕೈಲಿ ಹೇಳಿ ಕಳಿಸಿದ:
ಹೋಗು, ಯೊರ್ದನಿನಲ್ಲಿ ಏಳು ಸಲ ಮುಳುಗು.

ಇಷ್ಟೇನಾ? ದೊಡ್ಡವರಿಗೆ ಸಿಟ್ಟು ನೆತ್ತಿಗೇರಿತು.
ನಮ್ಮೂರಲ್ಲಿ ನದಿಗಳಿಲ್ಲವೇ, ಈ ರಾಡಿಯಲ್ಲಿ ನಾನೇಕೆ?
ಕಿಟಕಿಯಾಚೆ ನಮ್ಮ ತುಂಗೆಯೂ ರಾಡಿಯೇ.
ಗಾಜನೂರಿನ ಗೇಟು ತೆಗೆದು ವಾರವಾಗಿತ್ತು,
ಕೋರ್ಪಲಯ್ಯನ ಛತ್ರದ ಮಂಟಪಕ್ಕೆ
ಕುತ್ತಿಗೆಮಟ್ಟ ಕೆಂಪು ನೀರು.

"ಕಷ್ಟದ್ದೇನಾದರೂ ಹೇಳಿದ್ದರೆ ಮಾಡ್ತಿದ್ದಿರಿ, ಬುದ್ಧಿ.
ಇದು ಬರೀ ಸ್ನಾನ" ಎಂದರು ಆಳುಗಳು.

ಇಲ್ಲಿಗೆ ಬಂದಾಗ ಅಪ್ಪ ಅಡ್ಡ ಬಂದರು,
ತೂಕ ಮತ್ತು ಅಳತೆ ಇಲಾಖೆಯ ಸತ್ಯಮಿತ್ರ ನಥಾನಿಯೇಲ್.
ಗಾಂಧಿ ಬಜಾರಿನಲ್ಲಿ ತಕ್ಕಡಿ ಎತ್ತಿ ನೋಡಿದವರು,
ಬಟ್ಟಿನ ಬುಡ ತಿರುಗಿಸಿ ಕೊರೆದ ತೂತು ಹುಡುಕಿದವರು.
"ಗಡೀಲಿ ಪ್ರಾಣ ಕೊಡಿ ಅನ್ನು, ಇಡೀ ಬಜಾರು ಎದ್ದು ನಿಲ್ಲುತ್ತೆ ಕಣೇ.
ಐವತ್ತು ಗ್ರಾಮು ಸರಿಯಾಗಿ ಕೊಡಿ ಅನ್ನು,
ನನ್ನ ವರ್ಗಕ್ಕೆ ಅರ್ಜಿ ಹೋಗುತ್ತೆ."
ಹೋಯಿತು. ಸೊರಬ, ಹೊಸನಗರ, ಮತ್ತೆ ಸೊರಬ.
ಅವರ ಸೀಸದ ಮುದ್ರೆ ಈಗ ನನ್ನ ಹೊಲಿಗೆ ಡಬ್ಬಿಯಲ್ಲಿ
ಗುಂಡಿಗಳ ನಡುವೆ ತಣ್ಣಗೆ ಮಲಗಿದೆ.

"ಆರಕ್ಕೇ ನಿಲ್ಲಿಸಿದ್ದರೆ, ಮಿಸ್?" ಇಮ್ಮಾನುವೇಲನ ಪ್ರಶ್ನೆ.
"ಆರು ಸಲ ಒದ್ದೆ. ರೋಗ ಹಾಗೇ."
ಮಕ್ಕಳು ನಕ್ಕರು. ನಾನು ನಗಲಿಲ್ಲ,
ಲೆಕ್ಕ ಹಾಕುತ್ತಿದ್ದೆ, ನಮ್ಮದು ಎಷ್ಟಾಯಿತು ಎಂದು.
ಐದು ವರ್ಷಕ್ಕೊಮ್ಮೆ ಬೆರಳೊಂದನ್ನೇ ಅದ್ದಿ
ಮಸಿ ಆರುವ ಮುಂಚೆ ಮೈ ಮುಟ್ಟಿ ನೋಡಿಕೊಳ್ಳುವ ನಾವು,
ಎಳೆಗೂಸಿನ ಚರ್ಮ ಬಂತೇ, ಬಂತೇ ಎಂದು.

ಕಥೆ ಮುಗಿಸಿ ಪುಸ್ತಕ ಮಡಚಿದೆ.
ಕೊನೆಯ ಬೆಂಚಿನಿಂದ ಜಪಮಾಲ ಕೈಯೆತ್ತಿದಳು.
"ಆಮೇಲೆ ಆ ಹುಡುಗೀನ ಅವಳ ಮನೆಗೆ ಕಳಿಸಿದ್ರಾ?"

ಮತ್ತೆ ತೆರೆದೆ. ಬೆರಳಿಟ್ಟು ಓದಿದೆ, ಹಿಂದೆ ಮುಂದೆ.
ವಾಸಿಯಾದ ನಾಮಾನ ಮಣ್ಣು ಕೇಳುತ್ತಾನೆ,
ಎರಡು ಹೇಸರಗತ್ತೆ ಹೊರುವಷ್ಟು ಆ ದೇಶದ ಮಣ್ಣು.
ಪೂಜ್ಯ ಮಣ್ಣು. ಊರಿಗೆ ಒಯ್ಯುತ್ತಾನೆ.
ಆ ಮಣ್ಣಿನ ಹುಡುಗಿಯ ಬಗ್ಗೆ ಒಂದಕ್ಷರವಿಲ್ಲ.
ಹೆಸರೂ ಇಲ್ಲ.

"ಬರೆದಿಲ್ಲ, ಮಗೂ" ಎಂದೆ.
"ಬರೆದಿಲ್ವಾ, ಕಳಿಸಿಲ್ವಾ?"

ಗಂಟೆ ಹೊಡೆಯಿತು. ಬೆಂಚುಗಳು ಕಿರುಗುಟ್ಟಿದವು.
ಅವಳು ಎರಡನೇ ಬೂಂದಿ ಪೊಟ್ಟಣ ಕೇಳಿದಳು,
ಅಮ್ಮನಿಗಂತೆ. ಬಸ್ ಸ್ಟ್ಯಾಂಡ್ ಗುಡಿಸುವವರಿಗೆ
ಇವತ್ತೂ ರಜೆಯಿಲ್ಲ, ಬೆಳಗಿನ ನಾಲ್ಕಕ್ಕೇ ಹೋಗಿದ್ದಾಳೆ,
ಕಾಗದದ ಬಾವುಟಗಳು ಜಾಸ್ತಿ ಬಿದ್ದಿರುತ್ತವಂತೆ.

ಹಾಜರಿ ಪುಸ್ತಕ ಮೇಜಿನ ಮೇಲೇ ಇತ್ತು.
ತಾಯಿಯ ಹೆಸರಿನ ಕಲಮಿನಲ್ಲಿ ನಾಲ್ಕು ವರ್ಷದಿಂದ
ನನ್ನದೇ ಕೈಬರಹ: ಜಪಮಾಲಳ ತಾಯಿ.

ಕೇಳಿದೆ. ಹೇಳಿದಳು.
"ಣಿ"ಗೆ ದೀರ್ಘವೋ ಹ್ರಸ್ವವೋ
ಎಂದು ಮತ್ತೊಮ್ಮೆ ಕೇಳಿ,
ಹೊಡೆದುಹಾಕಿ, ಬರೆದೆ.