ಬಿಡುವ ಬೆಳ್ಳಿ

ಕೆಂಪು ಗುಂಡಿ ಒತ್ತಿದಳಂತೆ ಲೋಲಾಕ್ಷಿ,
ಒಂದು ಸಲ, ಎರಡು ಸಲ, ಅಂಗೈ ಇಟ್ಟು ಮೈಭಾರ ಬಿಟ್ಟು.
ಮಿಷನ್ನು ನಿಲ್ಲಲಿಲ್ಲ.
ಸಿಪ್ಪೆ ಸುಲಿದು ಮುಗಿದರೂ ಸುಲಿಯುತ್ತಲೇ ಇತ್ತು,
ಕಾಫಿಬೀಜ ನುಚ್ಚಾಗಿ ಉದುರುವವರೆಗೆ.
ಯಾರೋ ಓಡಿಹೋಗಿ ಮೇನ್ ಫ್ಯೂಸು ಕಿತ್ತು,
ಕಾಲಲ್ಲಿ ಚಪ್ಪಲಿ ಇತ್ತೇ ಎಂದು
ಆಮೇಲೆ ಬಗ್ಗಿ ನೋಡಿಕೊಂಡರಂತೆ.

ಬೆಳಿಗ್ಗೆ ಸಂತೇಪೇಟೆಯ ನಮ್ಮ ವೈಂಡಿಂಗ್ ಅಂಗಡಿಗೆ
ಬಂತು ಕಾಂಟ್ಯಾಕ್ಟರು,
ಗೋಣಿತಾಟಿನಲ್ಲಿ, ಸ್ಕೂಟರಿನ ಕಾಲ ಸಂದಿಯಲ್ಲಿ.
"ಈ ಮಾಡೆಲ್ಲು ಕಂಪನಿಯೇ ನಿಲ್ಲಿಸಿದೆ" ಅಂದರು ಚಂಗಪ್ಪನವರು.
"ಹೊಸ ಪ್ಯಾನೆಲ್ಲಿಗೆ ಇಪ್ಪತ್ತು ದಿನ.
ಹಾಸನದಲ್ಲಿ ಯಾರೂ ಕೈ ಹಾಕಲ್ಲ ಅಂತಾರೆ."

ಬಿಚ್ಚಿದೆ.
ಮೂರು ಜೋಡಿಯಲ್ಲಿ ಎರಡು ಕಚ್ಚಿಕೊಂಡಿದ್ದವು.
ಉಳಿ ಇಟ್ಟು ತಟ್ಟಿದರೆ ಟಣ್ ಎಂದು ಬಿಟ್ಟವು.
ಎಂಟಾಣೆಯಷ್ಟು ಅಗಲದ ಬೆಳ್ಳಿಯ ತುಂಬ
ಸಿಡುಬಿನ ಕಲೆ, ಅಂಚಿಗೆ ಕರಗಿದ ತುಟಿ,
ನಡುವೆ ಇಣುಕುವ ಕೆಂಪು ತಾಮ್ರ,
ಸವೆದ ಮೆಟ್ಟಿನಲ್ಲಿ ಹಿಮ್ಮಡಿ ಕಂಡಂತೆ.

"ಕಪ್ಪಾಯ್ತು ಅಂತ ಅರ ಹಾಕಿ ಹಾಕಿ ಕೊಂದವ್ರೆ"
ಎಂದರು ಕೆಂಚಾಚಾರ್, ಕನ್ನಡಕ ಹಣೆಗೇರಿಸಿ.
"ಕಪ್ಪು ಬೆಳ್ಳಿನೂ ಕೆಲಸ ಮಾಡ್ತದೆ ಕಣಮ್ಮ ನಸೀಮಾ.
ಹೊಳಪು ಬೇಕಾದ್ದು ಮದುವೆ ಮನೆಗೆ."

ಹೊಸದರಲ್ಲಿ ನಾನೊಮ್ಮೆ
ನಮ್ಮ ನಾನಿಯ ದಪ್ಪ ಕಡಗ ತೋರಿಸಿ ಕೇಳಿದ್ದೆ:
ಅಪ್ಪಟ ಬೆಳ್ಳಿ, ಇದರಲ್ಲೇ ಮಾಡಬಾರದಾ?
ನಕ್ಕಿದ್ದರು. ಅಕ್ಕಸಾಲಿಗರ ಮನೆಯವರು,
ಬೆಳ್ಳಿಯನ್ನು ಬೈಯುವ ಹಕ್ಕಿದ್ದವರು.
"ಅಪ್ಪಟದ್ದಕ್ಕೆ ಮುಟ್ಟೋದು ಗೊತ್ತು, ಬಿಡೋದು ಗೊತ್ತಿಲ್ಲ.
ಒಂದು ಕಿಡಿ ಸಾಕು, ಕರಗಿ ಅಪ್ಕೊಂಡುಬಿಡ್ತದೆ.
ಅದಕ್ಕೇ ಇದರೊಳಗೆ ಚಿಟಿಕೆ
ಸುಟ್ಟ ಲೋಹದ ಬೂದಿ ಬೆರೆಸಿರ್ತಾರೆ."
ಕಡಗ ಮತ್ತೆ ಕೈಗೇರಿತು. ಈಗಲೂ ಇದೆ.

ಅವರ ಬೆರಳು ಈಗ ನಡುಗುತ್ತವೆ.
ಇಕ್ಕಳ ನನ್ನದು, ಪೆಡಲ್ಲು ಅವರದು.
ಸತ್ತ ವೆಲ್ಡಿಂಗ್ ಸೆಟ್ಟಿನ ಟ್ರಾನ್ಸ್‌ಫಾರ್ಮರು,
ಟಾರ್ಚ್ ಸೆಲ್ಲು ಒಡೆದು ತೆಗೆದ ಎರಡು ಕಾರ್ಬನ್ ಕಡ್ಡಿ.
ತಾಮ್ರದ ಮೇಲೆ ಬಿಳಿಗಾರದ ಗಂಜಿ,
ಅದರ ಮೇಲೆ ಉಗುರಿನಷ್ಟು ಬೆಸುಗೆ ತಗಡು,
ಅದರ ಮೇಲೆ ಹೊಸ ಬೆಳ್ಳಿ.
ಕಚ್ಚಿ ಹಿಡಿದು "ಹ್ಞೂಂ" ಅನ್ನುತ್ತೇನೆ.
ಅವರು ತುಳಿಯುತ್ತಾರೆ.
ಬಲ್ಬು ಮಂಕಾಗುತ್ತದೆ,
ಪಕ್ಕದ ಜೆರಾಕ್ಸಿನವನು ಬೈಯುತ್ತಾನೆ.
ಬಿಳಿಗಾರ ಉಬ್ಬಿ, ಚುರುಗುಟ್ಟಿ, ಗಾಜಾಗಿ,
ತಾಮ್ರ ಕೆಂಡದ ಬಣ್ಣಕ್ಕೆ ತಿರುಗುವಾಗ
ಅಂಚಿನ ಸುತ್ತ ಒಂದು ಹೊಳೆವ ಗೆರೆ ಓಡುತ್ತದೆ.
"ಸಾಕು."
ಒಂದು ಉಸಿರು ಹೆಚ್ಚಾದರೆ ಬೆಳ್ಳಿಯೇ ಕರಗಿ ಕೂರುತ್ತದೆ.

ಐದಾಯಿತು. ಆರನೆಯದಕ್ಕೆ
ನಾನು ಸಾಕು ಅನ್ನುವ ಮೊದಲೇ ಕಾಲೆತ್ತಿದರು.
ತಿರುಗಿ ನೋಡಿದರೆ ಕಣ್ಣು ಮುಚ್ಚಿ ಕೂತಿದ್ದಾರೆ.
"ಬಿಳಿಗಾರ ಮಾತು ನಿಲ್ಲಿಸ್ತು."
ಬೆಸುಗೆ ಕೂತಿತ್ತು, ಮಿಕ್ಕ ಐದಕ್ಕಿಂತ ನಯವಾಗಿ.
ನಾನೇನೂ ಹೇಳಲಿಲ್ಲ.

ನಡುವೆ ಕಾರ್ಬನ್ ಪೇಪರು ಇಟ್ಟು ಕೈಯಲ್ಲೇ ಒತ್ತಿ
ಮುಖಕ್ಕೆ ಮುಖ ಎಷ್ಟು ಕೂಡಿದೆ ನೋಡಿದೆವು.
ಹಾಳೆಯಲ್ಲಿ ಬಿದಿಗೆ ಚಂದ್ರ.
ಇನ್ನೊಂದಿಷ್ಟು ಅರ. ಅಷ್ಟಮಿ.
"ಹುಣ್ಣಿಮೆ ಬೇಡ, ಇಷ್ಟು ಸಾಕು, ಓಡ್ತಾ ಓಡ್ತಾ ತುಂಬ್ಕೊಳ್ತದೆ."

ಸಂಜೆ ಕ್ಯೂರಿಂಗ್ ವರ್ಕ್ಸಿಗೇ ಹೋಗಿ ಜೋಡಿಸಿದೆ.
ಹಸಿರು: ಟಕ್. ನೆಲ ನಡುಗಿತು.
ಕೆಂಪು: ಟಕ್.
ಲೋಲಾಕ್ಷಿ ನಂಬದೆ
ಮೂರು ಸಲ ನಿಲ್ಲಿಸಿ ನೋಡಿದಳು.

ಚಂಗಪ್ಪನವರು ಬಿಲ್ಲು ಓದಿ ಹಳೆ ಬೆಳ್ಳಿ ಕೇಳಿದರು.
ಬೆಂಕಿಪೊಟ್ಟಣ ಕೊಟ್ಟೆ. ಕಿವಿಯ ಹತ್ತಿರ ಅಲ್ಲಾಡಿಸಿದರು.
"ಇಷ್ಟೇನಾ? ಉಳಿದದ್ದು?"

ಪೆಟ್ಟಿಗೆಯ ಒಳಗೋಡೆಯ ಮಸಿ ತೋರಿಸಿದೆ.
ಹದಿನೆಂಟು ವರ್ಷ, ದಿನಕ್ಕೆ ನಲವತ್ತು ಸಲ
ಮುಟ್ಟಿ ಬಿಟ್ಟದ್ದು.
ಅವರು ಬೆರಳಲ್ಲಿ ಸವರಿ ಬೆಳಕಿಗೆ ಹಿಡಿದರು.
ಕರಿ ಬೆರಳನ್ನು ಪ್ಯಾಂಟಿಗೆ ಒರೆಸಿಕೊಳ್ಳಲು ಹೋದವರು
ಯಾಕೋ ತಡೆದು,
ಹಾಗೇ ನಿಂತರು.