ಎಂಟನೇ ಮಹಡಿಯ ಪೆಡಲು

ಸೆವೆರಿನ್ ಮೂರು ತೋರಿಸಿದ.
ಒಂದು ಕಪ್ಪು ರಬ್ಬರಿನದು, ಬಡಿದರೆ ಹಿಟ್ಟಿನ ಡಬ್ಬಿ.
ಒಂದಕ್ಕೆ ಜಾಲರಿಯ ಹೊದಿಕೆ, ಬೆರಳು ತಾಕಿದರೂ ಎಚ್ಚರಾಗುವಷ್ಟು ಹಗುರ ನಿದ್ದೆ;
ಬೆಲೆ ಕೇಳಿ ಬೆರಳು ಹಿಂದಕ್ಕೆ ತೆಗೆದೆ.
ಮೂರನೆಯದು ಯಾರೋ ಆಡಿ ಬಿಟ್ಟದ್ದು, ನೀಲಿ ತಟ್ಟೆ ಕಿವುಡು.
"ಹತ್ತು ಹೊಡೆದರೆ ಆರು ಕೇಳಿಸುತ್ತೆ ಅದಕ್ಕೆ" ಅಂದ.
"ನನ್ನ ಗಂಡನಿಗಿಂತ ಎರಡು ಹೆಚ್ಚು" ಅಂದೆ,
ಅದನ್ನೇ ಕೊಂಡು
ವೂಚ್ ಊರಿನ ಸಂಜೆಯ ಟ್ರಾಮಿನಲ್ಲಿ
ಮಡಿಲಲ್ಲಿ ಕೂರಿಸಿಕೊಂಡು ತಂದೆ.

ನನ್ನ ಕಸುಬು ಹಲ್ಲು.
ಯಾರೋ ಕಚ್ಚಿಕೊಟ್ಟ ಅಚ್ಚನ್ನು ನೋಡಿ
ಮುಖ ಕಾಣದ ಬಾಯಿಗಳಿಗೆ ದವಡೆಹಲ್ಲು ಕೆತ್ತುವುದು.
ಕಿವುಡು ತಟ್ಟೆಯ ತಿರುಪು ಬಿಚ್ಚಿದೆ: ಒಳಗೆ
ನಾಣ್ಯದಷ್ಟು ಒಂದು ಬಿಲ್ಲೆ, ಬಿಟ್ಟುಹೋದ ಒಂದು ತಂತಿ.
ಬೆಸೆದೆ. ಮೇಲೆ ಅಚ್ಚಿನ ಗುಲಾಬಿ ಸಿಲಿಕೋನ್ ಮೆತ್ತಿದೆ.
ಈಗ ಹತ್ತಕ್ಕೆ ಹತ್ತು.
ನೀಲಿ ತಟ್ಟೆಗೆ ಒಸಡು ಬಂದಿದೆ.

ಕೆಳಗಿನವರ ನಿದ್ದೆಗೆಂದು
ಎರಡು ಹಲಗೆಯ ನಡುವೆ ಹದಿನಾರು ಟೆನಿಸ್ ಚೆಂಡು.
ಕೋಲಿನ ಸದ್ದು ಅವು ನುಂಗುತ್ತವೆ,
ಪೆಡಲಿನದು ಗಂಟಲಿಗಿಳಿಯುವುದಿಲ್ಲ.

ಮೊದಲು ಪರದೆಯ ಜೊತೆ ರಾಜಿ.
ಕಿವಿಗೆ ಬಿದ್ದದ್ದು ಕಣ್ಣಿಗೆ ಬರುವಷ್ಟರಲ್ಲಿ
ನಮ್ಮ ಟಿ.ವಿ. ಒಂದೆಳೆ ಸೋಮಾರಿ.
ಎಷ್ಟು ಸೋಮಾರಿ ಎಂದು ಆಟ ಕೇಳುತ್ತದೆ, ನಾನು ಬಡಿದು ಹೇಳಬೇಕು:
ಸೆಕೆಂಡಿನ ಸಾವಿರ ಪಾಲಿನಲ್ಲಿ ನಲವತ್ತೆರಡು.
ಅದರಲ್ಲಿ ನನ್ನದೆಷ್ಟು ಎಂದು
ಅದೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆಮೇಲೆ ಅಭ್ಯಾಸ. ನೂರಕ್ಕೆ ಅರವತ್ತರ ವೇಗ.
ಬಣ್ಣಗಳು ಇಳಿಜಾರಿನಲ್ಲಿ ಉರುಳಿ ಬರುತ್ತವೆ
ಕೆಂಪು ಕೆಂಪು ಹಳದಿ ನೀಲಿ
ಅಡ್ಡಡ್ಡ ಕಿತ್ತಳೆ ಗೆರೆ ಬಂದರೆ ಕಾಲು.
ಕೈ ಏರಿಗೆಳೆದರೆ ಕಾಲು ನೀರಿಗೆ.
ಹನ್ನೊಂದನೇ ಆವರ್ತದಲ್ಲಿ ಕಾಲು ಎರಡು ಸಲ ಬೀಳಬೇಕು,
ಕೈ ಸುಮ್ಮನಿರಬೇಕು.
ಸುಮ್ಮನಿರುವುದನ್ನು ಈ ಕೈಗೆ ಯಾರೂ ಕಲಿಸಿಲ್ಲ.
ಮತ್ತೆ.
ಮತ್ತೆ.
ಸ್ವಲ್ಪ ಟೀ, ಮತ್ತೆ.

ಫೆಬ್ರವರಿಯ ಒಂದು ರಾತ್ರಿ ಬಿಸಿನೀರಿನ ಕೊಳವೆ ಬಡಿಯಿತು
ಟಣ್ ಟಣ್ ಟಣ್.
ನಮ್ಮ ಕಟ್ಟಡದಲ್ಲಿ ಇದಕ್ಕೆ ಬೈಗುಳವೆಂದೇ ಅರ್ಥ.
ಹನ್ನೊಂದು ಮಹಡಿಗೂ ಒಂದೇ ಕೊಳವೆ,
ಯಾರ ಚಮಚವೆಂದು ಹೇಳಲಾಗದು.
ಕೋಲು ಕೆಳಗಿಟ್ಟೆ. ಮೂರು ದಿನ ನನ್ನ ಗಂಡ
ಮಗುವಿನ ಹಾಗೆ ಮಲಗಿದ.

ನಾಲ್ಕನೇ ದಿನ ತಡೆಯಲಿಲ್ಲ.
ಪೆಡಲಿಗೆ ಉಣ್ಣೆಯ ಕಾಲ್ಚೀಲ ತೊಡಿಸಿ
ಒಂದೇ ಕಿವಿಗೆ ಹೆಡ್‌ಫೋನ್ ಇಟ್ಟು
ಹನ್ನೊಂದನೇ ಆವರ್ತಕ್ಕೆ ಬಂದೆ: ಧಬ್ ಧಬ್.
ಕೈ ಸುಮ್ಮನಿರಬೇಕಾದ ಜಾಗದಲ್ಲಿ
ಟಣ್.

ಕಾಕತಾಳೀಯ, ಎಂದು ಮತ್ತೆ ಆಡಿದೆ.
ಧಬ್ ಧಬ್. ಟಣ್.

ಅವರಿಗೆ ಹಾಡು ಕೇಳಿಸುವುದಿಲ್ಲ, ಬಣ್ಣ ಕಾಣಿಸುವುದಿಲ್ಲ,
ಸೂರಿನಿಂದ ಇಳಿದು ಬರುವ ಒಂಟಿ ಕಾಲು ಅಷ್ಟೇ.
ಆ ಕಾಲಿಗೆ ಸೊಂಟ ಕಟ್ಟಿ, ತೋಳು ಕಟ್ಟಿ
ಆಳೊಂದನ್ನು ನಿಲ್ಲಿಸಿಕೊಂಡಿದ್ದಾರೆ,
ಒಂದು ಹಲ್ಲಿನಿಂದ ನಾನು
ದವಡೆ ಊಹಿಸುವ ಹಾಗೆ.

ಆಟ ಆ ಟಣ್ಣಿಗೆ ಅಂಕ ಕೊಡಲಿಲ್ಲ.
ಅದರ ಲೆಕ್ಕದಲ್ಲಿ ಅಲ್ಲಿ ಏನೂ ಇಲ್ಲ.
ನನ್ನ ಕೈ ಮಾತ್ರ ಈಗ ತಾನೇ ನಿಲ್ಲುತ್ತದೆ
ಬಾಗಿಲಲ್ಲಿ ಸರಿದು ದಾರಿ ಬಿಡುವವರಂತೆ.

ಲಿಫ್ಟಿನಲ್ಲಿ ಮುಖ ನೋಡುವುದು ಬಿಟ್ಟು ಬೆರಳು ನೋಡುತ್ತೇನೆ.
ಆರನೆಯ ಮಹಡಿಯ ಬೊಗುಮಿಲ್ ಟ್ರಾಮ್ ಓಡಿಸುವವನು,
ಕೈಗವಸು ಬಿಚ್ಚುವುದೇ ಇಲ್ಲ.
ಮೂರನೆಯ ಮಹಡಿಯ ಹುಡುಗಿ ಕನ್ನಡಿಯ ಮೇಲೆ
ಉಗುರಿನಿಂದ ಏನೋ ಕುಟ್ಟುತ್ತಿದ್ದಳು,
ನಾನು ತಿರುಗಿದ್ದೇ ನಿಲ್ಲಿಸಿಬಿಟ್ಟಳು.

ನಿನ್ನೆ ಸೆವೆರಿನ್ ಫೋನ್ ಮಾಡಿದ್ದ.
ಜಾಲರಿಯದರ ಬೆಲೆ ಇಳಿದಿದೆಯಂತೆ,
ಪೆಡಲು ಬೆಕ್ಕಿನ ಹೆಜ್ಜೆಯಂತೆ, ಒಂದು ಚೂರೂ ಸದ್ದಿಲ್ಲವಂತೆ.
ಬೇಡ ಅಂದೆ.
ಯಾಕೆ ಅಂದ.
ಕೆಳಗೆ ಯಾರೋ ನೀರು ಬಿಟ್ಟರು, ಕೊಳವೆ ಗುರುಗುಟ್ಟಿತು.
ಫೋನ್ ಹಿಡಿದು
ಕೇಳುತ್ತ ನಿಂತೆ.