ಏನೂ ಬೆರೆಸದ ಪೆಟ್ಟಿಗೆ

ಫಳ್ನೀರಿನ ಇಳಿಜಾರಿನಲ್ಲಿ, ಮೆಡಿಕಲ್ಲಿನ ಮೇಲೆ,
ಹನ್ನೊಂದು ಮೆಟ್ಟಿಲು ಹತ್ತಿದರೆ ಸಿಗುವ ಅಂಗಡಿ.
ಬೋನಿ ಮಾಮ್ ಗಾಜಿನ ಮೇಲೆ
ಮೂರು ಪೆಡಲು ಇಟ್ಟರು.
ಒಂದೊಂದೂ ಸೋಪಿನ ಡಬ್ಬಿಯಷ್ಟೇ,
ಕಾಲಲ್ಲಿ ಒತ್ತಲು ಒಂದೊಂದು ಗುಂಡಿ.

ನನಗೆ ಬೇಕಾದದ್ದು ಇಷ್ಟೆ:
ಎರಡು ಟ್ರಂಪೆಟ್ಟು, ಒಂದು ಸ್ಯಾಕ್ಸು,
ಕೀಬೋರ್ಡಿನ ಆಲ್ಡ್ರಿನ್, ಎಲ್ಲರದೂ ಮುಗಿದು
ನನ್ನ ಸರದಿ ಬಂದಾಗ
ಎಂಟು ಸುತ್ತು, ಬರೀ ಎಂಟು,
ಸೊರ್ಪೊಟೆಲ್ ಬಡಿಸುವವನ ಸೌಟಿನ ಸದ್ದಿಗಿಂತ
ಒಂದು ಕೂದಲೆಳೆ ಮೇಲೆ ಕೇಳಬೇಕು.

"ಅದಕ್ಕೆ ದುಡ್ಡು ಯಾಕೆ? ಗಿಟಾರಿನ ವಾಲ್ಯೂಮು ತಿರುಗಿಸು"
ಎಂದಿದ್ದ ಆಲ್ಡ್ರಿನ್.
ಹತ್ತೊಂಬತ್ತು ವರ್ಷದಿಂದ
ಅದು ಪೂರ್ತಿ ತಿರುಗಿಯೇ ಇದೆ.

ಮೊದಲನೆಯದು ನೀಲಿ.
ಒತ್ತಿದರೆ ತಂತಿಗೆಲ್ಲ ಬೆಲ್ಲದ ಪಾಕ.
ನನ್ನ ತಪ್ಪುಗಳು ಪಾಕಕ್ಕೆ ಬಿದ್ದ ಇರುವೆಗಳ ಹಾಗೆ
ಹೊಳೆಯುತ್ತ ಸತ್ತವು.
ಎರಡನೆಯದು ಕೆಂಪು. ಒತ್ತಿದರೆ ಗರಗಸ.
ಹದಿನೆಂಟರಲ್ಲಾದರೆ ಇದನ್ನೇ ಕೊಳ್ಳುತ್ತಿದ್ದೆ,
ಆಗ ತಲೆಯಲ್ಲಿ ಕೂದಲೂ ಇತ್ತು.
ಮೂರನೆಯದಕ್ಕೆ ಬಣ್ಣವೇ ಇಲ್ಲ.
ಬರಿಯ ಅಲ್ಯೂಮಿನಿಯಂ, ಒಂದೇ ತಿರುಪು,
ಬೆಂದೂರಿನ ಯಾರೋ ಹುಡುಗ
ಮನೆಯಲ್ಲೇ ಬೆಸುಗೆ ಹಾಕಿದ್ದಂತೆ.

ಒತ್ತಿದೆ.
ಏನೂ ಆಗಲಿಲ್ಲ.
ಅಂದರೆ, ಆದದ್ದು ಇಷ್ಟು: ನಾನಿದ್ದಲ್ಲಿಂದ
ನಾನೇ ಎರಡು ಹೆಜ್ಜೆ ಮುಂದೆ ಬಂದು ನಿಂತೆ.
ಅದೇ ಅಂಗಿ, ಅದೇ ಬೆವರು.
ಮೂರನೇ ತಂತಿಯ ತುಸು ಇಳಿದ ಶ್ರುತಿ,
ಉಪ್ಪುಗಾಳಿಗೆ ತುಕ್ಕು ಹಿಡಿದ ಆರನೆಯದರ ಗೊರಗೊರ,
ಬೆರಳು ಜಾರುವಾಗಿನ ಇಲಿಯಂಥ ಕೀಚು,
ಎಲ್ಲ ಎದ್ದು ಬಂದು ಅಂಗಡಿಯ ತುಂಬ ಕೂತವು.

"ಮಾಮ್, ಇದು ಹಾಳಾಗಿದೆ."
"ಹಾಳಾದದ್ದು ಅದಲ್ಲ ಮಾರಾಯ,"
ಕನ್ನಡಕದ ಮೇಲಿಂದ ನೋಡಿದರು.
"ಅದು ಎಂತದೂ ಹಾಕುವುದಿಲ್ಲ, ಎಂತದೂ ತೆಗೆಯುವುದಿಲ್ಲ.
ನೀನು ಕೊಟ್ಟದ್ದನ್ನೇ ದೊಡ್ಡದು ಮಾಡಿ ವಾಪಾಸು ಕೊಡ್ತದೆ."

ಕೆಳಗೆ ರಸ್ತೆಯಲ್ಲಿ ಕಂಡಕ್ಟರ್ ಬಾಗಿಲಿಗೆ ಜೋತುಬಿದ್ದು
ಸ್ಟೇಟ್‌ಬ್ಯಾಂಕ್ ಸ್ಟೇಟ್‌ಬ್ಯಾಂಕ್ ಎಂದು ಕೂಗುತ್ತಿದ್ದ.
ಆ ಕೂಗಿಗೆ ಬೆಲ್ಲವಿಲ್ಲ, ಗರಗಸವಿಲ್ಲ.
ಹೆಂಗಸೊಬ್ಬಳು ಮೀನಿನ ಚೀಲ ಎದೆಗವುಚಿಕೊಂಡು
ಓಡಿಬಂದು ಹತ್ತಿದಳು.
ಮೂರು ಸಾವಿರದ ಇನ್ನೂರು. ಬ್ಯಾಟರಿ ಬೇರೆ.

ಮನೆಯಲ್ಲಿ ತಿರುಪನ್ನು ಗಡಿಯಾರದ ಹಾಗೆ ಓದಿದೆ.
ಎಂಟಕ್ಕೆ ಇದ್ದೂ ಇಲ್ಲದ ಹಾಗೆ,
ಹನ್ನೆರಡಕ್ಕೆ ಪಕ್ಕದ ಮನೆಯ ನಾಯಿ ಬೊಗಳಿತು.
ಹತ್ತೂಕಾಲು ಸರಿ.
ಸೆವ್ರಿನ್‌ಳ ಉಗುರುಬಣ್ಣದಿಂದ ಅಲ್ಲೊಂದು ಚುಕ್ಕೆ ಇಟ್ಟೆ.
"ಅದು ಮದುವೆಗೆಂದು ತಂದದ್ದು" ಎಂದಳು.
"ಇದೂ ಮದುವೆಗೇ" ಎಂದೆ.

ಶನಿವಾರ, ಕುಲಶೇಖರದ ಹಾಲ್.
ಚುಕ್ಕೆ ನೋಡಿಕೊಂಡು ಒತ್ತಿದೆ.
ಮೊದಲ ಸುತ್ತಿಗೆ ಮುಂದೆ ಬಂದೆ.
ಮುದುಕರೊಬ್ಬರು ಕಟ್ಲೆಟ್ ಕೈಯಲ್ಲೇ ಹಿಡಿದು ಇತ್ತ ತಿರುಗಿದರು.
ಎರಡನೆಯದಕ್ಕೆ, ಹಾಲಿನ ಆ ತುದಿಯಲ್ಲಿ,
ಸೌಂಡಿನ ಶರೀಫಾಕನ ಹೆಬ್ಬೆರಳು
ಯೋಚನೆಯೇ ಇಲ್ಲದೆ, ಬರೀ ಅಭ್ಯಾಸದಿಂದ
ನನ್ನ ಫೇಡರನ್ನು ಕೆಳಗೆಳೆಯಿತು.
ಉಳಿದ ಆರನ್ನು ಟ್ರಂಪೆಟ್ಟಿನ ನೆರಳಲ್ಲಿ ಮುಗಿಸಿದೆ.

ಅವರ ಜೊತೆ ಒಂದೇ ಟೆಂಪೋದಲ್ಲಿ
ಕಾರ್ಕಳ ಕುಂದಾಪುರ ಸುತ್ತಿದ್ದೇನೆ,
ನಡುರಾತ್ರಿ ಪಂಕ್ಚರಿಗೆ ಟಾರ್ಚು ಹಿಡಿದಿದ್ದೇನೆ,
ಅವರ ಮಗಳ ನಿಕಾಹದ ಬಿರಿಯಾನಿ ಉಂಡಿದ್ದೇನೆ.
ಇದೊಂದು ಮಾತು ಆಡಿರಲಿಲ್ಲ.

ವಯರುಗಳನ್ನು ದಾಟಿ,
ಐಸ್‌ಕ್ರೀಮಿನ ಸಾಲನ್ನು ದಾಟಿ, ಹೋಗಿ ನಿಂತೆ.
"ಶರೀಫಾಕ, ಊಟದ ನಂತರದ ವಾಲ್ಟ್ಸಿನಲ್ಲಿ
ನಾನು ಮೇಲೆ ಬಂದಾಗ ಇಳಿಸಬೇಡಿ."
ಸ್ಪೀಕರಿನ ಗದ್ದಲ. "ಎಂತ?"
ಕಿವಿಗೆ ಕೈ ಅಡ್ಡ ಹಿಡಿದರು.

ಮತ್ತೆ ಹೇಳಿದೆ.
ಅದೇ ಮಾತು,
ಒಂದಿಷ್ಟು ಜೋರಾಗಿ.